ಒಂದು ಓಟಿನ ಊರಲ್ಲಿ ಹರಾಜಿನ ಲೆಕ್ಕ

ಬೆಂಗಳೂರಿನಿಂದ ಸಂತೆಮರಹಳ್ಳಿಗೆ ಹೋಗೋಕೆ ಎರಡು ದಾರಿ. ಮೈಸೂರಿನ ಮೇಲೆ ಹೋದರೆ ರಸ್ತೆ ಚೆನ್ನಾಗಿದೆ, ನಿದ್ದೆಯೂ ಚೆನ್ನಾಗಿ ಬರುತ್ತೆ. ಕನಕಪುರ, ಮಳವಳ್ಳಿ, ಸತ್ತೇಗಾಲ, ಕೊಳ್ಳೇಗಾಲ, ಯಳಂದೂರು ಅಂತ ಹೋದರೆ ಸೊಂಟ ಸ್ವಲ್ಪ ನೋಯುತ್ತೆ, ಆದರೆ ಕಣ್ಣಿಗೆ ಕೆಲಸ ಇರುತ್ತೆ. ನಾನು ಯಾವಾಗಲೂ ಎರಡನೇ ದಾರಿ. ಸತ್ತೇಗಾಲದ ಹತ್ತಿರ ಕಾವೇರಿ ದಾಟಿದರೆ ಬಸ್ಸಿನೊಳಗಿನ ಕನ್ನಡವೇ ಬೇರೆ. 'ಏನು' ಇಳಿದು ಹೋಗಿ 'ಯಾನ' ಹತ್ತಿಕೊಂಡಿರುತ್ತೆ. 'ಬಿಡು' ಅನ್ನೋದು 'ಬುಡು' ಆಗಿರುತ್ತೆ. ಪಕ್ಕದ ಸೀಟಿನ ಅಜ್ಜಿ ನನ್ನ ಇಯರ್‌ಫೋನ್ ಕಡೆ ನೋಡಿ, "ಅದ ಕಿವಿಗಿಟ್ಕಂಡ್ರ ನಿದ್ದ ಬಂದದ ಕೂಸೇ?" ಅಂತ ಕೇಳಿದ ಮೇಲೆ ನಾನು ಊರಿಗೆ ಬಂದೆ ಅಂತ ಲೆಕ್ಕ.

ಸಂತೆಮರಹಳ್ಳಿ ನನ್ನ ಅಮ್ಮನ ತವರು. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಿ.ನರಸೀಪುರ ಕಡೆಯ ದಾರಿ ಬಂದು ಸೇರುವ ಹೋಬಳಿ ಊರು. ಸುತ್ತ ಕಬ್ಬು, ಬಾಳೆ, ಅರಿಶಿನ, ತೆಂಗು. ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಪ್ರವಾಸಿಗಳು ಇಲ್ಲಿ ಇಳಿಯಲ್ಲ. ಅವರು ಬೆಟ್ಟಕ್ಕೆ ಹೋಗ್ತಾರೆ, ಇಲ್ಲಾಂದ್ರೆ ಯಳಂದೂರಿನ ಗೌರೀಶ್ವರ ದೇವಸ್ಥಾನದಲ್ಲಿ ಬಳೆ ಮಂಟಪ ನೋಡ್ತಾರೆ. ಕಲ್ಲಿನಲ್ಲೇ ಬಳೆ ಬಳೆಯಾಗಿ ಕೊರೆದ ಸರಪಳಿ ಅಲ್ಲಿದೆ, ನೋಡಲೇಬೇಕಾದ್ದು. ಸಂತೆಮರಹಳ್ಳಿ ಮಾತ್ರ ಬಸ್ ಬದಲಿಸೋ ಊರು. ಬಸ್ ಬದಲಿಸೋ ಊರಲ್ಲಿ ಟೀ ಅಂಗಡಿ ಜಾಸ್ತಿ. ಟೀ ಅಂಗಡಿ ಜಾಸ್ತಿ ಇದ್ದಲ್ಲಿ ವಾದ ಜಾಸ್ತಿ.

ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿದ್ದರೆ ಅದು ಒಂದೇ ಕಾರಣಕ್ಕೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಸೋತವರ ಕಾರಿನ ಡ್ರೈವರ್‌ಗೆ ಅವತ್ತು ಓಟು ಹಾಕೋಕೆ ಬಿಡುವೇ ಸಿಗಲಿಲ್ಲ ಅನ್ನೋ ಕಥೆ ಇಲ್ಲಿ ಪ್ರತಿ ಚುನಾವಣೆಗೂ ಒಮ್ಮೆ ಹೊಸದಾಗಿ ಹೇಳಲ್ಪಡುತ್ತೆ. ಕ್ಷೇತ್ರ ಮರುವಿಂಗಡಣೆಯಾಗಿ 2008ರ ಹೊತ್ತಿಗೆ ಆ ಕ್ಷೇತ್ರವೇ ಇಲ್ಲವಾಯಿತು. ಧ್ರುವನಾರಾಯಣ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಕೃಷ್ಣಮೂರ್ತಿಯವರು ಕೊಳ್ಳೇಗಾಲದಿಂದ ಗೆದ್ದರು, ಕಾಂಗ್ರೆಸ್ ಟಿಕೆಟ್ ಮೇಲೆ. ಫುಟ್‌ಬಾಲ್ ನೋಡೋರ ಭಾಷೇಲಿ ಹೇಳೋದಾದ್ರೆ, ಟ್ರಾನ್ಸ್‌ಫರ್ ವಿಂಡೋ ನಮ್ಮ ಊರಿಗೆ ಹೊಸದೇನಲ್ಲ.

ನಾನು ಹೇಳೋಕೆ ಹೊರಟಿದ್ದು ಬೇರೆ ಹರಾಜಿನ ಕಥೆ.

2024ರ ನವೆಂಬರ್ 24, ಭಾನುವಾರ. ಮಾವನ ಮನೆಯಲ್ಲಿ ಮಗುವಿನ ನಾಮಕರಣ ಇತ್ತು. ಊಟ ಮುಗಿದು, ಹಿತಕಿದ ಅವರೆ ಸಾರಿನ ಭಾರಕ್ಕೆ ಕಣ್ಣು ಎಳೀತಿದ್ದಾಗ ಮಾವ ಬಂದು ಹೆಗಲು ಅಲ್ಲಾಡಿಸಿದರು. "ಏಳು ಅಳಿಮಯ್ಯ, ಮೂರೂವರೆಗ ಸುರುವಾಯ್ತದ." ಶುರುವಾಗೋದು ಐಪಿಎಲ್ ಮೆಗಾ ಹರಾಜು. ಅದು ನಡೀತಿದ್ದದ್ದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ. ನಾವು ನೋಡಿದ್ದು ಸರ್ಕಲ್ ಹತ್ತಿರದ ಟೀ ಅಂಗಡಿಯಲ್ಲಿ, ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಒಂದು ಮೊಬೈಲ್‌ನಲ್ಲಿ.

ನಮ್ಮ ಆಫೀಸಿನಲ್ಲೂ ಇಂಥದ್ದು ಇದೆ. ಪ್ರತಿ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಮ್ಯಾಚೇ ಇರಲ್ಲ, ಆದರೂ ಕ್ಯಾಂಟೀನಿನಲ್ಲಿ ಆರ್ಸೆನಲ್ ಯಾರನ್ನ ತಗೊಂಡ್ತು, ಲಿವರ್‌ಪೂಲ್ ಎಷ್ಟು ಸುರಿದ್ತು, ಯಾವ ತಂಡ ಜಾಸ್ತಿ ಸುಧಾರಿಸ್ತು ಅಂತ ಗಲಾಟೆ. ಆ ವಾದದಲ್ಲಿ ಅರ್ಧ ವಾದ ದುಡ್ಡಿನದೇ. ಶ್ರೀಮಂತ ಕ್ಲಬ್ಬು ತಗೊಳ್ಳುತ್ತೆ, ಬಡ ಕ್ಲಬ್ಬು ಮಾರುತ್ತೆ. ಐಪಿಎಲ್ ಹರಾಜಿನಲ್ಲಿ ಹಾಗಿಲ್ಲ. ಆ ವರ್ಷ ಎಲ್ಲ 10 ತಂಡಕ್ಕೂ ಒಂದೇ 120 ಕೋಟಿ. ಉಳಿಸಿಕೊಂಡ ಆಟಗಾರರ ಲೆಕ್ಕ ಕಳೆದು ಮಿಕ್ಕಿದ್ದರಲ್ಲಿ ಸಂಸಾರ. ನಮ್ಮ ಆರ್‌ಸಿಬಿ ವಿರಾಟ್ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು 83 ಕೋಟಿ ಹಿಡಿದುಕೊಂಡು ಕೂತಿತ್ತು. ಪಂಜಾಬ್ ಇಬ್ಬರನ್ನಷ್ಟೇ ಉಳಿಸಿಕೊಂಡು 110.5 ಕೋಟಿ ಜೇಬಿಗಿಟ್ಟಿತ್ತು. ಅಂದರೆ ಇಲ್ಲಿ ಬುದ್ಧಿ ಎಷ್ಟಿದೆ ಅನ್ನೋದರ ಮೇಲೆ ವಾದ ಮಾಡಬಹುದು. ಬುದ್ಧಿಯ ವಿಷಯದಲ್ಲಿ ಟೀ ಅಂಗಡಿ ಯಾರಿಗೂ ಕಮ್ಮಿ ಇಲ್ಲ.

ಅಂಗಡಿಯಲ್ಲಿ ಇದ್ದವರನ್ನ ಹೇಳಿಬಿಡ್ತೀನಿ. ನನ್ನ ಮಾವ, ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು, ಆರ್‌ಸಿಬಿ ಶುರುವಾದಾಗಿನಿಂದ ಆರ್‌ಸಿಬಿ. ಹೈಸ್ಕೂಲ್ ಮೇಷ್ಟ್ರು ಒಬ್ಬರು, ಎಲ್ಲ ಸೀಸನ್ನಿನ ಪಾಯಿಂಟ್ಸ್ ಟೇಬಲ್‌ಗಳನ್ನ ಒಂದು ಲಾಂಗ್ ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ಅವರಿಗೆ ಯಾವ ತಂಡದ ಮೇಲೂ ಪ್ರೀತಿ ಇಲ್ಲ, ಲೆಕ್ಕದ ಮೇಲೆ ಮಾತ್ರ. ಅಂಗಡಿಯ ಅಣ್ಣ ಚೆನ್ನೈ ಭಕ್ತರು, ಗಡಿ ಜಿಲ್ಲೆಯಲ್ಲಿ ಅದೂ ಇರುತ್ತೆ. ಆಮೇಲೆ ಮಾವನ ಮಗ, ಐಟಿಐ ಮುಗಿಸಿ ಕೆಲಸ ಹುಡುಕ್ತಿದ್ದವನು, ನನ್ನನ್ನ ಭಾವ ಅಂತಾನೆ. ಅವನಿಗೆ ಕೆ.ಎಲ್. ರಾಹುಲ್ ಅಂದ್ರೆ ಪ್ರಾಣ.

ಮೊದಲ ಒಂದು ಗಂಟೆಯಲ್ಲೇ ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬ್‌ಗೆ ಹೋದ. ಅಣ್ಣ ಹಾಲು ಉಕ್ಕಿಸಿಬಿಟ್ಟರು. ಸ್ವಲ್ಪ ಹೊತ್ತಿಗೆ ರಿಷಭ್ ಪಂತ್ 27 ಕೋಟಿಗೆ ಲಖನೌಗೆ. ಯಾರೂ ಮಾತಾಡಲಿಲ್ಲ. ಮಾವ ಮಾತ್ರ, "ಈ ದುಡ್ನಾಗ ನಮ್ಮ ಡಿಪೋಗ ಎಷ್ಟ್ ಬಸ್ ಬರದು ಗೊತ್ತಾ" ಅಂದರು. ನಮ್ಮ ಹುಡುಗನ ಕಣ್ಣು ರಾಹುಲ್ ಮೇಲೆ. ಆರ್‌ಸಿಬಿ ಬಿಡ್ ಮಾಡಿತು, ಒಂದಷ್ಟು ದೂರ ಹೋಯಿತು, ಕೈ ಇಳಿಸಿತು. 14 ಕೋಟಿಗೆ ಡೆಲ್ಲಿ. ಅದಕ್ಕೂ ಮೊದಲೇ ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾಗಿದ್ದ. ನಮ್ಮವರು ತಗೊಂಡಿದ್ದು ಲಿವಿಂಗ್‌ಸ್ಟನ್ 8.75, ಫಿಲ್ ಸಾಲ್ಟ್ 11.50, ಜಿತೇಶ್ ಶರ್ಮಾ 11, ಹೇಜಲ್‌ವುಡ್ 12.50.

"ಜಿತೇಶ್‌ಗ ಹನ್ನೊಂದು ಕೋಟಿ! ನಮ್ಮ ಹುಡುಗುನ್ಗ ಇಲ್ಲ!" ಅಂತ ಹುಡುಗ ಎದ್ದು ನಿಂತುಬಿಟ್ಟ. "ಇದು ಬೆಂಗ್ಳೂರ್ ಟೀಮಾ? ಒಬ್ಬನಾರ ಕನ್ನಡದವ್ನ ತಕಂಡವ್ರಾ?"

ಅವನ ಸಿಟ್ಟು ಸುಳ್ಳಲ್ಲ. ಆ ದಿನ ಮುಗಿಯುವ ಹೊತ್ತಿಗೆ ಕರ್ನಾಟಕದ ಒಬ್ಬನೂ ಆರ್‌ಸಿಬಿ ಬುಟ್ಟಿಗೆ ಬಿದ್ದಿರಲಿಲ್ಲ. ಮರುದಿನ ದೇವದತ್ತ ಪಡಿಕ್ಕಲ್‌ನ 2 ಕೋಟಿಗೆ, ರಾಯಚೂರಿನ ಮನೋಜ್ ಭಾಂಡಗೆಯನ್ನ 30 ಲಕ್ಷಕ್ಕೆ ತಗೊಂಡರು ಅನ್ನೋದು ಬೇರೆ ಮಾತು. ಊರಿನ ಹೆಸರಿಟ್ಟುಕೊಂಡ ತಂಡದಲ್ಲಿ ಊರಿನವರು ಎಷ್ಟು ಜನ ಇರಬೇಕು? ಫುಟ್‌ಬಾಲ್ ಕ್ಲಬ್ಬುಗಳಲ್ಲೂ ಈ ಪ್ರಶ್ನೆ ಹಳೆಯದು. ನನಗಂತೂ ಅವತ್ತು ಹುಡುಗನ ಪಕ್ಷವೇ ಸರಿ ಅನ್ನಿಸಿತ್ತು.

ಮಾವ ಒಪ್ಪಲಿಲ್ಲ. ಮಾವನ ಸಿದ್ಧಾಂತಕ್ಕೆ ನಾನು ಸ್ಟೆಪ್ನಿ ಸಿದ್ಧಾಂತ ಅಂತ ಹೆಸರಿಟ್ಟಿದ್ದೀನಿ. "ನೋಡು, ಬಸ್ಸು ನಿಲ್ಲದು ಇಂಜಿನ್ ಕೆಟ್ಟು ಅಲ್ಲ. ಇಂಜಿನ್ ವರ್ಷಕ್ ಒಂದ್ ಸಲ ಕೆಟ್ಟದು. ಪಂಚರ್ ಆಗದು ದಿನಾ. ಸ್ಟೆಪ್ನಿ ಇಲ್ದಿದ್ರ ಪ್ಯಾಸೆಂಜರು ಬಿಸ್ಲಾಗ ನಿಂತ್ಕತಾರ. ನಮ್ಮೋರು ಇಷ್ಟ್ ವರ್ಷ ಇಂಜಿನ್‌ಗೇ ದುಡ್ಡ್ ಸುರುದ್ರು. ಗೇಲು, ಎಬಿಡಿ, ಕೊಹ್ಲಿ. ಹದಿನೆಂಟನೇ ಓವರ್ ಹಾಕದ್ ಯಾರು ಅಂತ ಕೇಳುದ್ರ ಒಬ್ಬೊಬ್ಬರ್ ಮುಖ ಒಬ್ಬೊಬ್ರು ನೋಡ್ಕಳರು."

ಎರಡನೇ ದಿನ ಸೋಮವಾರ. ನಾನು ರಜೆ ಹಾಕಿದೆ, ಮ್ಯಾನೇಜರ್‌ಗೆ ಹೊಟ್ಟೆನೋವು ಅಂದೆ, ಅವರೆಕಾಯಿ ತಿಂದಿದ್ದೆನಾದ್ದರಿಂದ ಪೂರ್ತಿ ಸುಳ್ಳೂ ಅಲ್ಲ. ಅವತ್ತು ಭುವನೇಶ್ವರ್ ಕುಮಾರ್ 10.75 ಕೋಟಿ, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ರೊಮಾರಿಯೊ ಶೆಫರ್ಡ್ 1.50 ಅಂತ ಒಂದೊಂದಾಗಿ ನಮ್ಮ ಬುಟ್ಟಿಗೆ ಬಿದ್ದರು. ಮಾವ ಪ್ರತಿ ಹೆಸರಿಗೂ ಮೇಜಿನ ಮೇಲೆ ಟಿಕೆಟ್ ಪಂಚ್ ಮಾಡೋ ಹಾಗೆ ಬೆರಳು ಕುಟ್ಟಿದರು. "ಇದು ಸ್ಟೆಪ್ನಿ. ಇದೂ ಸ್ಟೆಪ್ನಿ. ಇದು ಜಾಕಿ."

ಅವತ್ತು ಸಂಜೆ ಪಂದ್ಯ ಕಟ್ಟಿದರು. ಯಾವ ತಂಡ ಜಾಸ್ತಿ ಸುಧಾರಿಸಿದೆ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳಬೇಕು. ಜೂನ್‌ನಲ್ಲಿ ಗೆದ್ದವನಿಗೆ ಮಿಕ್ಕವರೆಲ್ಲ ಸೇರಿ ಒಂದು ತಿಂಗಳ ಟೀ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮಾವ ಆರ್‌ಸಿಬಿ. ಮೇಷ್ಟ್ರು ಪಂಜಾಬ್. ಅಣ್ಣ ಚೆನ್ನೈ. ಹುಡುಗ ಸಿಟ್ಟಿಗೆ ಡೆಲ್ಲಿ ಅಂದ. ನಾನು ಬೆಂಗಳೂರು ಎಫ್‌ಸಿ ಅಂದೆ.

"ಅದ್ಯಾವ ಹರಾಜು?" ಅಂದರು ಮೇಷ್ಟ್ರು.

ಫುಟ್‌ಬಾಲ್ ಸಾರ್ ಅಂತ ಶುರುಮಾಡಿ ಹತ್ತು ನಿಮಿಷ ಕೊರೆದೆ. 2013ರಲ್ಲಿ ಹುಟ್ಟಿದ ಕ್ಲಬ್ಬು, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿದ್ದು, 2018-19ರಲ್ಲಿ ಐಎಸ್‌ಎಲ್ ಗೆದ್ದಿದ್ದು, 2023-24ರಲ್ಲಿ 12 ತಂಡದಲ್ಲಿ 10ನೇ ಸ್ಥಾನಕ್ಕೆ ಕುಸಿದದ್ದು. ಆ ಬೇಸಿಗೆಯಲ್ಲಿ ಕೋಚ್ ಜೆರಾರ್ಡ್ ಜರಗೋಜಾ ತಂಡ ಬಿಚ್ಚಿ ಕಟ್ಟಿದ್ದರು. ರಾಹುಲ್ ಭೇಕೆ ವಾಪಸ್ ಬಂದ, ನೊಗೇರಾ, ಪೆರೇರಾ ಡಯಾಜ್, ಎಡ್ಗರ್ ಮೆಂಡೆಜ್ ಬಂದರು. ಕಂಠೀರವ ಸ್ಟೇಡಿಯಂನಲ್ಲಿ ನಾವು ಒಂದಷ್ಟು ಜನ ಗಂಟಲು ಹರಿದುಕೊಳ್ತಿದ್ದೆವು. ಇದೆಲ್ಲ ಹೇಳಿ ಮುಗಿಸಿದಾಗ ಅಣ್ಣ ಗ್ಲಾಸು ತೊಳೀತಾ, "ಚೆಟ್ರಿ ಇನ್ನೂ ಆಡ್ತಾವ್ನಾ?" ಅಂದರು. ಅಷ್ಟೇ. ನನ್ನ ಹೆಸರನ್ನ ಮೇಷ್ಟ್ರು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು, ಸಾಲಿನೊಳಗೆ ಅಲ್ಲ.

ಹೊರಡುವಾಗ ಮಾವ ಬಸ್ ಸ್ಟಾಪಿನವರೆಗೆ ಬಂದರು. ಕ್ರಿಕೆಟ್ ಬಿಟ್ಟು ಬೇರೆ ವಿಷಯ. "ಇವ್ನ್ಗ ಅಲ್ಲಿ ಯಾನಾರ ನೋಡಪ್ಪ. ಇಲ್ಲಿದ್ರ ಬರೀ ಮೊಬೈಲು." ನಾನು ಆಯ್ತು ಮಾವ ಅಂದೆ. ಜನವರಿಯಲ್ಲಿ ಹುಡುಗ ನನ್ನ ರೂಮಿಗೆ ಬಂದ. ಗಾಡಿ ಸರ್ವೀಸ್ ಸೆಂಟರ್ ಒಂದರಲ್ಲಿ ಕೆಲಸ ಸಿಕ್ಕಿತು. ಒಂದು ಹಾಸಿಗೆ, ಒಂದು ಮಿಕ್ಸಿ, ಇಬ್ಬರು.

ಆ ಸೀಸನ್ ನಿಮಗೆಲ್ಲ ಗೊತ್ತಿರೋದೇ. ಏಪ್ರಿಲ್ 10ಕ್ಕೆ ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರವಾಗಿ ರಾಹುಲ್ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗುಂಡಗೆ ಗೆರೆ ಎಳೆದು ಇದು ನನ್ನ ಜಾಗ ಅಂತ ತೋರಿಸಿದಾಗ ನಮ್ಮ ಹುಡುಗ ಕುಣಿದ, ಆಮೇಲೆ ಆರ್‌ಸಿಬಿ ಸೋತಿದ್ದು ನೆನಪಾಗಿ ಊಟ ಬಿಟ್ಟ. ಎರಡೂ ಒಂದೇ ರಾತ್ರಿ. ಎರಡು ದಿನ ಬಿಟ್ಟು, ಏಪ್ರಿಲ್ 12ಕ್ಕೆ, ಕೋಲ್ಕತಾದಲ್ಲಿ ನನ್ನ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. 10ನೇ ಸ್ಥಾನದಿಂದ ಫೈನಲ್‌ವರೆಗೆ. ಸುಧಾರಣೆ ಅಂದ್ರೆ ಇದು ಅಂತ ಮೇಷ್ಟ್ರಿಗೆ ಮೆಸೇಜ್ ಹಾಕಿದೆ. ಅವರು ಒಂದು ಹೆಬ್ಬೆರಳು ಕಳಿಸಿದರು.

ಮಾವನ ಸ್ಟೆಪ್ನಿಗಳು ಒಂದೊಂದಾಗಿ ಕೆಲಸಕ್ಕೆ ಬಂದವು. ಶೆಫರ್ಡ್ ಚೆನ್ನೈ ಮೇಲೆ 14 ಬಾಲಿಗೆ 53 ಹೊಡೆದ. ಪಡಿಕ್ಕಲ್ ಗಾಯ ಆಗಿ ಹೊರಗೆ ಹೋದಾಗ, ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಮಯಂಕ್ ಅಗರ್ವಾಲ್‌ನ ಕರೆಸಿಕೊಂಡರು. 11 ಕೋಟಿಯ ಜಿತೇಶ್ ಲಖನೌದಲ್ಲಿ 33 ಬಾಲಿಗೆ 85 ಹೊಡೆದು 228ರ ಗುರಿ ಮುಟ್ಟಿಸಿದ. ಅವತ್ತು ರಾತ್ರಿ ಹುಡುಗ ತಾನಾಗೇ ಊರಿಗೆ ಫೋನ್ ಮಾಡಿ, "ಅಪ್ಪ, ಹನ್ನೊಂದು ಕೋಟಿ ವಿಷ್ಯ ನಾನು ವಾಪಸ್ ತಕಂಡಿ" ಅಂದ. ಒಂದೇ ಸೀಸನ್ನಿನಲ್ಲಿ 9 ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠ ಆದರು. ಹೊರ ಊರಿನ 7 ಲೀಗ್ ಪಂದ್ಯಗಳಲ್ಲಿ ಏಳೂ ಗೆದ್ದರು.

ಜೂನ್ 3ರ ಫೈನಲ್ ನಾವಿಬ್ಬರೂ ರೂಮಿನಲ್ಲಿ, ಮಾವ ವಿಡಿಯೊ ಕಾಲ್‌ನಲ್ಲಿ. ನಮ್ಮದು 190. 1.50 ಕೋಟಿಯ ಶೆಫರ್ಡ್ 26.75 ಕೋಟಿಯ ಶ್ರೇಯಸ್‌ನ ಒಂದೇ ರನ್ನಿಗೆ ಔಟ್ ಮಾಡಿದಾಗ ಮಾವ ಕಿರುಚಿದ್ದು ಫೋನಿಲ್ಲದೆಯೂ ಕೇಳಿಸಬಹುದಿತ್ತು. ಕೃಣಾಲ್ 4 ಓವರಿಗೆ 17 ಕೊಟ್ಟು 2 ವಿಕೆಟ್. ಕೊನೆಗೆ 6 ರನ್ನಿನ ಗೆಲುವು. 18ನೇ ಸೀಸನ್. ಮಾವ ಅಳ್ತಿದ್ದರು. ಅತ್ತೆ ಫೋನ್ ಕಿತ್ಕೊಂಡು, "ಮದ್ವೆ ದಿನವೂ ಹಿಂಗ್ ಅತ್ತಿರ್ಲಿಲ್ಲ ಕನಪ್ಪ ಇವ್ರು" ಅಂದರು.

ಮರುದಿನ ಬುಧವಾರ, ಜೂನ್ 4. ಹುಡುಗ ಅರ್ಧ ದಿನ ರಜೆ ಹಾಕಿ ಚಿನ್ನಸ್ವಾಮಿಗೆ ಹೋದ. ಹೋಗ್ತೀನಿ ಭಾವ ಅಂತ ಹೇಳಿಯೇ ಹೋದ. ನಾನು ಹೋಗು ಅಂದೆ. ಜೊತೆಗೆ ನನಗೊಂದು ಫೋಟೊ ಕಳಿಸು ಅಂತಲೂ ಅಂದೆ.

ಸಂಜೆ ಐದರ ಹೊತ್ತಿಗೆ ಆಫೀಸಿನಲ್ಲಿ ಒಬ್ಬೊಬ್ಬರೇ ಫೋನ್ ನೋಡೋಕೆ ಶುರುಮಾಡಿದರು. ಗೇಟಿನ ಹತ್ತಿರ ನೂಕುನುಗ್ಗಲು. ಮೊದಲು ಒಬ್ಬರು ಅಂತ ಬಂತು, ಆಮೇಲೆ ನಾಲ್ಕು, ಆಮೇಲೆ ಏಳು. ಕೊನೆಗೆ 11. ಅವನ ಫೋನ್ ಮೊದಲು ರಿಂಗ್ ಆಗ್ತಿತ್ತು, ಆಮೇಲೆ ಅದೂ ಇಲ್ಲ. ಆರು ಗಂಟೆಗೆ ಮಾವನ ಕಾಲ್ ಬಂತು. ಎತ್ತಲಿಲ್ಲ. ಎತ್ತಿ ಏನು ಹೇಳೋದು? ಆರೂಕಾಲಿಗೆ ಮತ್ತೆ ಬಂತು, ಎತ್ತಿದೆ. "ಅಂವ ನಿನ್ನ ಜೊತ್ಗ ಅವ್ನ?" ಅಂದರು. ಹ್ಞೂಂ ಮಾವ, ಇಲ್ಲೇ ಕೆಳಗೆ ಟೀ ಕುಡೀತಿದ್ದಾನೆ ಅಂತ ಹೇಳಿಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಸಲೀಸಾಗಿ ನಾನು ಯಾವ ಸುಳ್ಳನ್ನೂ ಹೇಳಿಲ್ಲ. ಆಫೀಸಿನಿಂದ ಓಡಿದೆ. ಕಬ್ಬನ್ ಪಾರ್ಕ್, ವಿಧಾನಸೌಧ ಮೆಟ್ರೊ ನಿಲ್ದಾಣಗಳಲ್ಲಿ ರೈಲು ನಿಲ್ಲಿಸ್ತಿರಲಿಲ್ಲ. ಎಂ.ಜಿ. ರಸ್ತೆ ಕಡೆಯಿಂದ ನಡೆದೆ. ಎದುರಿಗೆ ಬರ್ತಿದ್ದವರೆಲ್ಲ ಕೆಂಪು ಜೆರ್ಸಿ, ಬೆನ್ನ ಮೇಲೆಲ್ಲ ಒಂದೇ ನಂಬರ್ 18. ಯಾರನ್ನ ನೋಡಿದರೂ ಅವನೇ ಅನ್ನಿಸ್ತಿತ್ತು.

ಎಂಟೂ ಮುಕ್ಕಾಲಿಗೆ ಗುರುತಿಲ್ಲದ ನಂಬರಿನಿಂದ ಕಾಲ್. "ಭಾವ, ನಾನ್ ಕನಾ. ಫೋನ್ ಬಿದ್ದೋಯ್ತು." ಕಾರ್ಪೊರೇಷನ್ ಹತ್ತಿರ ಯಾರದ್ದೋ ಫೋನ್ ಇಸ್ಕೊಂಡು ಮಾಡಿದ್ದ. ಗೇಟಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದ, ಯಾರೋ ಭುಜ ಹಿಡಿದು ಮೇಲಕ್ಕೆ ಎಳೆದಿದ್ದರು. ಅವನ ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗನನ್ನ ಎಳೆದರಾ ಇಲ್ಲವಾ ಅಂತ ಅವನು ನೋಡಲಿಲ್ಲ. ಅದೊಂದನ್ನೇ ಆ ರಾತ್ರಿ ನಾಲ್ಕೈದು ಸಲ ಹೇಳಿದ. ಜೆರ್ಸಿ ಬಿಚ್ಚಿ ಮಡಚಿ ಬೀರುವಿನ ಕೆಳಗಿನ ಖಾನೆಗೆ ಹಾಕಿದ. ಮಾವನಿಗೆ ನಿಜ ಹೇಳಿದ್ದು ವಾರದ ನಂತರ, ನಾನೇ. ಅವರು ಬಯ್ಯಲಿಲ್ಲ. "ಗೊತ್ತಿತ್ತು ಕನಪ್ಪ. ಅಂವ ಟೀ ಕುಡಿಯಕಿಲ್ಲ" ಅಂದರು. ಹೌದು, ಅವನು ಚಿಕ್ಕಂದಿನಿಂದ ಟೀ ಮುಟ್ಟಲ್ಲ.

ಟೀ ಪಂದ್ಯದ ಮಾತು ಯಾರೂ ಎತ್ತಲಿಲ್ಲ. ಜೂನ್ ಹೋಯಿತು, ದಸರಾ ಹೋಯಿತು. ಹುಡುಗ ಊರಿಗೆ ಹೋದರೂ ಸರ್ಕಲ್ ಕಡೆ ಹೋಗ್ತಿರಲಿಲ್ಲ.

2025ರ ಡಿಸೆಂಬರ್ 16ಕ್ಕೆ, ಮಂಗಳವಾರ, ಮತ್ತೆ ಸಂತೆಮರಹಳ್ಳಿಯಲ್ಲಿದ್ದೆ. ಜಮೀನಿನ ಕಾಗದದ ಕೆಲಸಕ್ಕೆ ಅಮ್ಮನ ಸಹಿ ಬೇಕಿತ್ತು, ಅಮ್ಮನನ್ನ ಕರ್ಕೊಂಡು ಹೋಗಿದ್ದೆ, ಹುಡುಗನೂ ಬಂದಿದ್ದ. ಅವತ್ತೇ ಅಬುಧಾಬಿಯಲ್ಲಿ ಮಿನಿ ಹರಾಜು. ಎರಡೂವರೆಗೆ ಶುರು. ಮಾವ ನನ್ನನ್ನ ಕರೆದರು, ಮಗನನ್ನ ಕರೆಯಲಿಲ್ಲ, ಚಪ್ಪಲಿ ಹಾಕಿಕೊಳ್ಳೋಕೆ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ತಗೊಂಡರು. ಹುಡುಗ ತಾನಾಗೇ ಎದ್ದು ಹಿಂದೆ ಬಂದ.

ಅಂಗಡಿಯಲ್ಲಿ ಈಗ ಮೊಬೈಲ್ ಬದಲು ಚಿಕ್ಕದೊಂದು ಟಿವಿ. ಅಣ್ಣ ಖುಷಿಯಲ್ಲಿದ್ದರು, ಅವರ ಚೆನ್ನೈ ಕಳೆದ ಸಲ ಕೊನೆಯ ಸ್ಥಾನಕ್ಕೆ ಬಿದ್ದಿದ್ದರೂ ಜಡೇಜನ ಕೊಟ್ಟು ಸಂಜು ಸ್ಯಾಮ್ಸನ್‌ನ ತಂದಿತ್ತು. ಮೇಷ್ಟ್ರು ಲಾಂಗ್ ಬುಕ್ ತೆಗೆದರು. ವರ್ಷದ ಹಿಂದಿನ ಪಂದ್ಯದ ತೀರ್ಪು ಕೊಡದೆ ಅವರಿಗೆ ನಿದ್ದೆ ಬರಲ್ಲ ಅನ್ನೋದು ಅವರ ಮುಖದಲ್ಲೇ ಇತ್ತು.

ಅವರ ಲೆಕ್ಕ ಹೀಗೆ: ಕಪ್ ಗೆದ್ದದ್ದು ಬೇರೆ, ಸುಧಾರಿಸಿದ್ದು ಬೇರೆ. 2024ರಲ್ಲಿ 9ನೇ ಸ್ಥಾನದಲ್ಲಿದ್ದ ಪಂಜಾಬ್ 2025ರಲ್ಲಿ ಲೀಗ್‌ನಲ್ಲಿ ಮೊದಲನೆಯದು, 8 ಮೆಟ್ಟಿಲು. ಕೊನೆಯಲ್ಲಿದ್ದ ಮುಂಬೈ 4ಕ್ಕೆ ಬಂತು, 6 ಮೆಟ್ಟಿಲು. ಗುಜರಾತ್ 8ರಿಂದ 3ಕ್ಕೆ. ಆರ್‌ಸಿಬಿ 4ರಿಂದ 2ಕ್ಕೆ, ಎರಡೇ ಮೆಟ್ಟಿಲು. 27 ಕೋಟಿ ಕೊಟ್ಟು ಪಂತ್‌ನ ತಂದ ಲಖನೌ ಎರಡೂ ವರ್ಷ 7ರಲ್ಲೇ. ಹಿಂದಿನ ಸಲ ಕಪ್ ಗೆದ್ದಿದ್ದ ಕೋಲ್ಕತಾ 8ಕ್ಕೆ. "ಹಂಗಾಗಿ ಪಂದ್ಯ ನಂದು" ಅಂದರು.

ಲೆಕ್ಕ ಸರಿಯಾಗೇ ಇದೆ, ಆದರೂ ನನಗೆ ಒಪ್ಪಿಗೆ ಇಲ್ಲ. ಒಂಬತ್ತರಿಂದ ಎರಡಕ್ಕೆ ಬರೋದಕ್ಕಿಂತ ನಾಲ್ಕರಿಂದ ಒಂದಕ್ಕೆ ಬರೋದು ಕಷ್ಟ. ಮೇಲಿನ ಮೆಟ್ಟಿಲುಗಳೇ ಎತ್ತರ. ನಮ್ಮ ಆಫೀಸಿನ ಲಿವರ್‌ಪೂಲ್ ಭಕ್ತರನ್ನ ಕೇಳಿ: ಲೀಗ್ ಗೆದ್ದ ಬೇಸಿಗೆಯಲ್ಲೇ ಅಲೆಕ್ಸಾಂಡರ್ ಇಸಾಕ್ ಒಬ್ಬನಿಗೇ 12.5 ಕೋಟಿ ಪೌಂಡ್ ಸುರಿದರು, ಬ್ರಿಟನ್ನಿನ ದಾಖಲೆ, ಆದರೆ ಚಳಿಗಾಲದ ಹೊತ್ತಿಗೆ ಸಾಲು ಸೋಲು. ನಾನು ಇದನ್ನ ಹೇಳಿದೆ. ಮಾವ ಇನ್ನೂ ಚಿಕ್ಕದಾಗಿ ಹೇಳಿದರು: "ಮೇಷ್ಟ್ರೇ, ಒಂದು ಓಟ್ನಲ್ಲಿ ಗೆದ್ರೂ ಎಮ್ಮೆಲ್ಲೆ ಎಮ್ಮೆಲ್ಲೆನೇ."

ಮೇಷ್ಟ್ರು ನಗುತ್ತಾ ಪುಟ ತಿರುಗಿಸಿದರು. ಆ ಪುಟ ನನಗೂ ಕಾಣಿಸಿತು. ಜೂನ್ 3, ಆರ್‌ಸಿಬಿ 190-9, ಪಂಜಾಬ್ 184-7, 6 ರನ್ ಅಂತ ನೀಲಿ ಇಂಕಿನಲ್ಲಿ. ಅದರ ಕೆಳಗೆ ಜೂನ್ 4 ಅಂತ ಬರೆದು, ಮುಂದೆ 11 ಅಂತ ಅಷ್ಟೇ. ಹುಡುಗನೂ ನೋಡಿದ. ಮೇಷ್ಟ್ರು ಬೇಗ ಪುಸ್ತಕ ಮುಚ್ಚೋಕೆ ಹೋದರು. ಮಾವ, "ಇರ್ಲಿ ಬುಡಿ ಮೇಷ್ಟ್ರೇ" ಅಂದರು. ಅಣ್ಣ ಟಿವಿ ಸೌಂಡ್ ಕಮ್ಮಿ ಮಾಡಿದರು. ಯಾರೋ ಹೊರಗೆ ಬೈಕ್ ನಿಲ್ಲಿಸಿ, ಮುಂದಿನ ಸಲ ಮ್ಯಾಚು ಚಿನ್ನಸ್ವಾಮೀಲಿ ಆಯ್ತದಾ ಇಲ್ವಾ ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋಗಿದ್ದು ಎಲ್ಲರಿಗೂ ಗೊತ್ತಿತ್ತು.

ಈ ಮಧ್ಯೆ ನನ್ನ ಫುಟ್‌ಬಾಲ್ ಪಂದ್ಯದ ಕಥೆಯನ್ನೂ ಹೇಳಿಬಿಡಬೇಕು. ಅಣ್ಣ ಕೇಳಿದರು, ನಿಮ್ಮ ಟೀಮು ಈ ಸಲ ಹೆಂಗದ ಅಂತ. ನನ್ನ ಟೀಮಿನ ರಜೆಯೇ ಆಗಿನ್ನೂ ಮುಗಿದಿರಲಿಲ್ಲ. ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದು, ಡಿಸೆಂಬರ್ ಬಂದರೂ ಐಎಸ್‌ಎಲ್ ಶುರುವಾಗಿರಲಿಲ್ಲ, ಲೀಗ್ ನಡೆಸೋರು ಮತ್ತು ಫೆಡರೇಷನ್ ನಡುವಿನ ಒಪ್ಪಂದದ ಜಗಳ. ಆಫ್ ಸೀಸನ್ನೇ ಸೀಸನ್ ಆಗಿಹೋಗಿತ್ತು. "ಹಂಗಾದ್ರ ನಿಮ್ದೇ ವಾಸಿ, ಸೋಲದೇ ಇಲ್ಲ" ಅಂದರು ಅಣ್ಣ. ನಾನು ನಗಲೇಬೇಕಾಯಿತು.

ಟಿವಿಯಲ್ಲಿ ಕ್ಯಾಮರೂನ್ ಗ್ರೀನ್ 25.20 ಕೋಟಿಗೆ ಕೋಲ್ಕತಾಗೆ ಹೋದ. ಆರ್‌ಸಿಬಿ ಜೇಬಿನಲ್ಲಿ ಇದ್ದದ್ದು ಬರೀ 16.40. ಗೆದ್ದ ತಂಡ, ಬದಲಿಸೋಕೆ ಜಾಸ್ತಿ ಏನೂ ಇರಲಿಲ್ಲ. ಲಿವಿಂಗ್‌ಸ್ಟನ್‌ನ ಬಿಟ್ಟಿದ್ದರು. ವೆಂಕಟೇಶ್ ಅಯ್ಯರ್ ಹೆಸರು ಬಂತು. ಕಳೆದ ಮೆಗಾ ಹರಾಜಿನಲ್ಲಿ ಕೋಲ್ಕತಾ 23.75 ಕೋಟಿ ಕೊಟ್ಟಿದ್ದ ಆಳು. ಬಿಡ್ ಏರಿತು, ನಿಂತಿತು. 7 ಕೋಟಿಗೆ ಆರ್‌ಸಿಬಿ.

ಮಾವ ಮೇಜು ಕುಟ್ಟಿದರು. "ನೋಡಿ! ಅದೇ ಆಳು, ಅದೇ ಕೈ, ಅದೇ ಬ್ಯಾಟು. ಹದ್ನಾರು ಮುಕ್ಕಾಲು ಕೋಟಿ ಉಳ್ತಾಯ. ಇದಕ್ಕ ಅನ್ನದು..."

"ಸ್ಟೆಪ್ನಿಗ ಏಳು ಕೋಟಿ ಜಾಸ್ತಿ ಆಯ್ತು ಕನಪ್ಪ."

ಹಿಂದಿನ ಬೆಂಚಿನಿಂದ. ಹುಡುಗ ಟಿವಿ ನೋಡ್ತಾನೇ ಹೇಳಿದ್ದ, ಕೈಯಲ್ಲಿ ಬಾದಾಮಿ ಹಾಲು.

ಮಾವ ತಿರುಗಿ ಅವನನ್ನ ಒಂದು ಕ್ಷಣ ನೋಡಿದರು. ಆಮೇಲೆ ಕಂಡಕ್ಟರ್ ಗಂಟಲು ತೆಗೆದು, "ಯಾರ್ಲಾ ಹೇಳ್ದವ ನಿನ್ಗ ಅಂವ ಸ್ಟೆಪ್ನಿ ಅಂತ? ಮೂರ್ನೇ ನಂಬರ್‌ಗ ಆಡ್ತಾನ ಅಂವ!" ಅಂದರು.

"ಪಡಿಕ್ಕಲ್ ಎಲ್ಲಿಗೋಗ್ಬೇಕು?"

"ಪಡಿಕ್ಕಲ್ ಅಲ್ಲೇ ಇರ್ತಾನ."

"ಇಬ್ರೂ ಮೂರಕ್ಕೇ ಬಂದ್ರ ಒಬ್ನು ಟಾಪ್ ಮ್ಯಾಲ ಕುಂತ್ಕಬೇಕು."

ಮೇಷ್ಟ್ರು ಪೆನ್ನಿನ ಕ್ಯಾಪ್ ತೆಗೆದರು. ಯಳಂದೂರು ಕಡೆಯ ಬಸ್ ಬಂದು ನಿಂತಿತು. ಅಮ್ಮ ಅಲ್ಲಿಂದಲೇ ಕೈ ಬೀಸಿ ಕರೀತಿದ್ದಳು. ನಾನು ಇನ್ನೊಂದು ಬಸ್ಸಿಗೆ ಹೋದರಾಯ್ತು ಅಂತ ಸನ್ನೆ ಮಾಡಿ, ಅಣ್ಣನಿಗೆ ಇನ್ನೊಂದು ಪ್ಲೇಟ್ ಬಜ್ಜಿ ಹೇಳಿದೆ.